ಆಟಗಾರ ಬಾಗಿಲು ಯಾವಾಗ ತೆರೆಯುತ್ತಾನೆ? ವಿಡಿಯೋ ಗೇಮಿಗೆ ಸಂಗೀತ ಕಟ್ಟುವ ಕೆಲಸ

ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಮಾಡುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಎಡಿಟಿಂಗ್ ಮುಗಿದ ಚಿತ್ರ ಅವರ ಕೈಗೆ ಬರುತ್ತದೆ. ನಾಯಕಿ ಬಾಗಿಲು ತೆರೆಯುವುದು ಎಷ್ಟನೇ ಸೆಕೆಂಡಿಗೆ, ದೀಪ ಆರುವುದು ಎಷ್ಟನೇ ಸೆಕೆಂಡಿಗೆ, ಎಲ್ಲ ಗೊತ್ತು. ಅದಕ್ಕೆ ಸರಿಯಾಗಿ ಪಿಟೀಲು ಏರಿಸಬಹುದು, ಡ್ರಮ್ ನಿಲ್ಲಿಸಬಹುದು. ಚಿತ್ರವನ್ನು ಎಷ್ಟು ಜನ ಎಷ್ಟು ಸಲ ನೋಡಿದರೂ ಆ ಹೊಂದಿಕೆ ತಪ್ಪುವುದಿಲ್ಲ.

ವಿಡಿಯೋ ಗೇಮಿಗೆ ಬರೆಯುವವರಿಗೆ ಈ ಸುಖ ಇಲ್ಲ. ಒಬ್ಬ ಆಟಗಾರ ಬಾಗಿಲ ಹತ್ತಿರ ಬಂದವನೇ ಒದ್ದು ಒಳಗೆ ನುಗ್ಗುತ್ತಾನೆ. ಇನ್ನೊಬ್ಬ ಹೊರಗೆ ನಿಂತು ಗೋಡೆ ಮೇಲಿನ ಚಿತ್ರ ನೋಡುತ್ತಾನೆ. ಮೂರನೆಯವನು ಆಟವನ್ನು ಹಾಗೇ ಬಿಟ್ಟು ಊಟಕ್ಕೆ ಎದ್ದು ಹೋಗುತ್ತಾನೆ. ಒಂದೇ ಸಂಗೀತ ಮೂವರಿಗೂ ಸರಿಹೊಂದಬೇಕು. ನುಗ್ಗಿದವನಿಗೆ ತಕ್ಷಣ ರಣಭೇರಿ ಕೇಳಬೇಕು, ಊಟಕ್ಕೆ ಹೋದವನ ಮನೆಯವರಿಗೆ ತಲೆನೋವು ಬರಬಾರದು.

ಯಕ್ಷಗಾನ ನೋಡಿದವರಿಗೆ ಈ ಸಮಸ್ಯೆ ಹೊಸದಲ್ಲ. ವೇಷ ರಂಗಕ್ಕೆ ಬಂದು ಎಷ್ಟು ಹೊತ್ತು ಕುಣಿಯುತ್ತದೆ ಅಂತ ಭಾಗವತರಿಗೆ ಮೊದಲೇ ಗೊತ್ತಿರುವುದಿಲ್ಲ. ಅವರು ವೇಷದ ಕಾಲು ನೋಡುತ್ತಾರೆ. ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಕುಣಿತ ಮುಗಿಯುವ ಸೂಚನೆ ಸಿಕ್ಕಾಗ ಮುಕ್ತಾಯ ಕೊಟ್ಟು ಮುಂದಿನ ಪದಕ್ಕೆ ಹೋಗುತ್ತಾರೆ. ಮದ್ದಳೆ ಉದ್ದಕ್ಕೂ ಇರುತ್ತದೆ, ವೀರರಸ ಏರಿದಾಗ ಚೆಂಡೆ ಸೇರಿಕೊಳ್ಳುತ್ತದೆ. ಗೇಮಿನ ಸಂಗೀತ ಮಾಡಬೇಕಾದ್ದೂ ಹೆಚ್ಚುಕಡಿಮೆ ಇದನ್ನೇ. ತೊಂದರೆ ಏನೆಂದರೆ ಆಟದ ಒಳಗೆ ಭಾಗವತರು ಕೂತಿಲ್ಲ, ಒಂದು ಕಂಪ್ಯೂಟರ್ ಕೂತಿದೆ. ಅದಕ್ಕೆ ಕಿವಿಯೂ ಇಲ್ಲ, ರಸದ ಅರಿವೂ ಇಲ್ಲ. ಯಾವಾಗ ಏನು ಮಾಡಬೇಕು ಅನ್ನುವುದನ್ನೆಲ್ಲ ಸಂಗೀತಗಾರರೇ ಮೊದಲೇ ಯೋಚಿಸಿ ಬರೆದಿಡಬೇಕು.

ಅದೇ ಸಂಗೀತಗಾರರು ಮರುದಿನ ಸಿಂಫನಿ ಆರ್ಕೆಸ್ಟ್ರಾಕ್ಕೋ ಗಾಯನವೃಂದಕ್ಕೋ ಬರೆಯಲು ಕೂತರೆ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ. ಸಭಾಂಗಣದಲ್ಲಿ ಕೇಳುಗರು ಸುಮ್ನೆ ಕೂತಿರುತ್ತಾರೆ. ಶುರು ಎಲ್ಲಿ, ಏರು ಎಲ್ಲಿ, ಮುಗಿತಾಯ ಎಲ್ಲಿ ಅನ್ನುವುದು ಬರೆದವರ ಕೈಯಲ್ಲಿದೆ. ವಾದ್ಯಗಳು ಅವೇ ಇರಬಹುದು, ಧಾಟಿಯೂ ಅದೇ ಇರಬಹುದು. ಆದರೆ ಕಾಲ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಬರವಣಿಗೆ ಬುಡದಿಂದಲೇ ಬದಲಾಗುತ್ತದೆ. ಈಗ ಎರಡೂ ಕಡೆ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅವರ ಕೆಲಸ ಹೇಗೆ ನಡೆಯುತ್ತದೆ ನೋಡೋಣ.

ನಾಲ್ಕು ಸ್ವರ, ಐದು ದನಿ

1978ರಲ್ಲಿ ಜಪಾನಿನ ಟೈಟೊ ಕಂಪನಿ ಸ್ಪೇಸ್ ಇನ್ವೇಡರ್ಸ್ ಅನ್ನುವ ಆಟ ತಂದಿತು. ಮೇಲಿನಿಂದ ಸಾಲುಗಟ್ಟಿ ಇಳಿಯುವ ಶತ್ರುಗಳನ್ನು ಕೆಳಗಿನಿಂದ ಹೊಡೆಯಬೇಕು, ಅಷ್ಟೇ. ಹಿಂದೆ ಕೇಳುವುದು ಇಳಿಯುತ್ತಾ ಹೋಗುವ ನಾಲ್ಕೇ ನಾಲ್ಕು ಮಂದ್ರ ಸ್ವರ. ಶತ್ರುಗಳು ಕಡಿಮೆಯಾದಷ್ಟೂ ಉಳಿದವುಗಳ ಓಟ ಜಾಸ್ತಿಯಾಗುತ್ತದೆ, ಆ ನಾಲ್ಕು ಸ್ವರಗಳೂ ಬೇಗ ಬೇಗ ಬರುತ್ತವೆ. ಕೊನೆಯ ಒಂದೆರಡು ಉಳಿಯುವ ಹೊತ್ತಿಗೆ ಆಡುವವರ ಕೈ ಬೆವರುತ್ತಿರುತ್ತದೆ. ಇದನ್ನು ಸಂಗೀತ ಅನ್ನಬೇಕೋ ಬೇಡವೋ ಅಂತ ವಾದ ಮಾಡಬಹುದು. ಆದರೆ ಆಟ ನೋಡಿ ನಡೆ ಬದಲಿಸುವ ಸಂಗೀತದ ಬೀಜ ಇಲ್ಲೇ ಇದೆ.

1983ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರ ಬಂತು. ಅದರ ಚಿಪ್‌ನಲ್ಲಿ ಐದು ದನಿಗಳಿದ್ದವು. ಎರಡು ಸ್ವಲ್ಪ ಮೂಗಿನ ಸ್ವರದವು, ಹಾಡಿನ ಧಾಟಿ ಅವುಗಳ ಮೇಲೆ. ಒಂದು ಮೆತ್ತಗಿನ ದನಿ, ಅದನ್ನು ಸಾಮಾನ್ಯವಾಗಿ ಮಂದ್ರಕ್ಕೆ ಬಳಸುತ್ತಿದ್ದರು. ಅದರ ವಿಶೇಷ ಏನೆಂದರೆ ಅದಕ್ಕೆ ವಾಲ್ಯೂಮ್ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆಯೇ ಇರಲಿಲ್ಲ. ಇನ್ನೊಂದು ಬರೀ 'ಶ್' ಅನ್ನುವ ಸದ್ದು, ಅದೇ ಡ್ರಮ್. ಐದನೆಯದು ಚೂರುಪಾರು ರೆಕಾರ್ಡ್ ಮಾಡಿದ ಶಬ್ದಕ್ಕೆ. ಇಷ್ಟರಲ್ಲೇ ಎಲ್ಲ ಆಗಬೇಕು. ಸಾಲದ್ದಕ್ಕೆ ಆಟದ ಸದ್ದುಗಳೂ ಇವೇ ದನಿಗಳನ್ನು ಹಂಚಿಕೊಳ್ಳಬೇಕಿತ್ತು. ನೆಗೆತದ ಸದ್ದೋ ನಾಣ್ಯದ ಸದ್ದೋ ಬಂದಾಗ ಸಂಗೀತದ ಒಂದು ದನಿ ಆ ಕ್ಷಣಕ್ಕೆ ಮಾಯ. ಒಂದು ದನಿ ಆಗಾಗ ಕೈಕೊಟ್ಟರೂ ಹಾಡು ನಿಲ್ಲುವ ಹಾಗೆ ಬರೆಯುವುದು ಆಗಿನವರ ಜಾಣತನ. ಮೂರು ಸ್ವರ ಒಟ್ಟಿಗೆ ಹಿಡಿಯಲು ದನಿ ಸಾಲದಿದ್ದಾಗ ಅವನ್ನು ಬಿಡಿಸಿ ಒಂದರ ಹಿಂದೊಂದು ಸರಸರ ನುಡಿಸುತ್ತಿದ್ದರು. ಕಿವಿ ಮೋಸ ಹೋಗಿ ಒಟ್ಟಿಗೆ ಕೇಳಿದಂತೆ ಅಂದುಕೊಳ್ಳುತ್ತದೆ. ಹಳೇ ಆಟಗಳ ಆ ಗುಳುಗುಳು ಸದ್ದಿನ ಗುಟ್ಟು ಇದೇ.

1985ರ ಸೂಪರ್ ಮಾರಿಯೋ ಬ್ರದರ್ಸ್‌ಗೆ ಕೋಜಿ ಕೊಂಡೊ ಬರೆದದ್ದು ಈ ಐದು ದನಿಗಳಿಗೇ. ನೆಲದ ಮೇಲೆ ಓಡುವಾಗ ಎಗರೆಗರುವ ಧಾಟಿ, ನೀರಿನೊಳಗೆ ಮೂರು ಬಡಿತದ ತೇಲುವ ವಾಲ್ಟ್ಸ್. ಸಮಯ 100ಕ್ಕಿಂತ ಕೆಳಗೆ ಇಳಿದರೆ ಒಂದು ಎಚ್ಚರಿಕೆ, ಆಮೇಲೆ ಅದೇ ಹಾಡು ಓಡುನಡೆಯಲ್ಲಿ. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಮಾರಿಯೋ ತನ್ನ ಡೈನೋಸಾರ್ ಗೆಳೆಯ ಯೋಶಿಯ ಬೆನ್ನೇರಿದ ಕೂಡಲೇ ನಡೆಯುತ್ತಿರುವ ಹಾಡಿಗೆ ಬಾಂಗೋ ಥರದ ಒಂದು ಡ್ರಮ್ ಬಂದು ಸೇರುತ್ತದೆ. ಇಳಿದರೆ ಅದೂ ಇಳಿದುಹೋಗುತ್ತದೆ. ಹಾಡು ಮಾತ್ರ ಎಲ್ಲೂ ತುಂಡಾಗುವುದಿಲ್ಲ. ಎಷ್ಟೋ ಜನ ಇದನ್ನು ಗಮನಿಸದೆಯೇ ಖುಷಿಪಟ್ಟಿರುತ್ತಾರೆ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಮಾರಿಯೋ ಧಾಟಿಯನ್ನು ಸೇರಿಸಿತು. ಆ ಪಟ್ಟಿಗೆ ಸೇರಿದ ಮೊದಲ ಗೇಮ್ ಸಂಗೀತ ಅದು.

ಅಡ್ಡಕ್ಕೆ ಜೋಡಿಸುವುದು, ಮೇಲಕ್ಕೆ ಪೇರಿಸುವುದು

ಇವತ್ತು ಆಟಕ್ಕೆ ತಕ್ಕಂತೆ ಬದಲಾಗುವ ಸಂಗೀತ ಕಟ್ಟಲು ಮುಖ್ಯವಾಗಿ ಎರಡು ದಾರಿ. ಹೆಚ್ಚಿನ ದೊಡ್ಡ ಆಟಗಳಲ್ಲಿ ಎರಡನ್ನೂ ಬೆರೆಸಿರುತ್ತಾರೆ.

ಮೊದಲನೆಯದು ತುಣುಕುಗಳನ್ನು ಒಂದರ ಮುಂದೊಂದು ಜೋಡಿಸುವುದು. ಊರು ಸುತ್ತುವಾಗ ಒಂದು ತುಣುಕು ತಿರುಗುತ್ತಾ ಇರುತ್ತದೆ, ಇದಕ್ಕೆ ಲೂಪ್ ಅನ್ನುತ್ತಾರೆ. ಶತ್ರು ಕಂಡಾಗ ಯುದ್ಧದ ತುಣುಕಿಗೆ ಹಾರಬೇಕು. ಕೇಳುವುದಕ್ಕೆ ಸುಲಭ. ಲೆಕ್ಕ ಹಾಕಿದಾಗ ಕಷ್ಟ ಗೊತ್ತಾಗುತ್ತದೆ. ನಿಮಿಷಕ್ಕೆ 120 ಬಡಿತ, ಆವರ್ತಕ್ಕೆ ನಾಲ್ಕು ಬಡಿತ ಅಂದುಕೊಳ್ಳಿ. ಒಂದು ಆವರ್ತಕ್ಕೆ 2 ಸೆಕೆಂಡು. ಆವರ್ತ ಮುಗಿದ ಮೇಲೆಯೇ ಹಾರಬೇಕು ಅಂತ ನಿಯಮ ಇಟ್ಟರೆ ಆಟಗಾರ ಹೆಚ್ಚೆಂದರೆ 2 ಸೆಕೆಂಡು ಕಾಯುತ್ತಾನೆ. ಪರವಾಗಿಲ್ಲ. ಆದರೆ ಊರಿನ ಹಾಡು ನಿಧಾನವಾಗಿದ್ದು ನಿಮಿಷಕ್ಕೆ 60 ಬಡಿತ ಇದ್ದರೆ? ಆಗ 4 ಸೆಕೆಂಡು. ಅಷ್ಟರಲ್ಲಿ ಶತ್ರು ಎರಡು ಏಟು ಹಾಕಿರುತ್ತಾನೆ, ಹಿಂದೆ ಇನ್ನೂ ಕೊಳಲು ಕೇಳುತ್ತಿರುತ್ತದೆ. ನಗು ಬರುತ್ತದೆ ಅಲ್ವಾ?

ಇದಕ್ಕೆ ಮದ್ದು ಮೂರು ನಾಲ್ಕು ಇವೆ. ಆವರ್ತಕ್ಕೆ ಕಾಯದೆ ಪ್ರತಿ ಬಡಿತದಲ್ಲೂ ಹಾರಲು ಬಿಡಬಹುದು. ಆಗ ಯಾವ ಬಡಿತದಲ್ಲಿ ಕತ್ತರಿಸಿದರೂ ಅಸಹ್ಯವಾಗದಂತೆ ಧಾಟಿ ಬರೆಯಬೇಕು. ನಡುವೆ ಒಂದು ಚಿಕ್ಕ ಸೇತುವೆ ತುಣುಕು ಇಡಬಹುದು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಸ್ಟಿಂಗರ್. ಅಂದರೆ ಒಂದೆರಡು ಸೆಕೆಂಡಿನ ಒಂದು ಜೋರು ಪೆಟ್ಟು, ಹಿತ್ತಾಳೆ ವಾದ್ಯಗಳ ಒಂದು ಕೂಗು. ಆ ಸದ್ದಿನ ಮರೆಯಲ್ಲಿ ಕೆಳಗೆ ಹಾಡು ಬದಲಾಗಿಬಿಡುತ್ತದೆ, ಹೊಲಿಗೆ ಕಾಣುವುದಿಲ್ಲ.

ಈ ಕಲೆ 1991ರಲ್ಲೇ ಒಂದು ಎತ್ತರ ಮುಟ್ಟಿತ್ತು. ಲೂಕಾಸ್‌ಆರ್ಟ್ಸ್ ಕಂಪನಿಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್ ಐಮ್ಯೂಸ್ ಅನ್ನುವ ವ್ಯವಸ್ಥೆ ಕಟ್ಟಿದರು. ಮಂಕಿ ಐಲೆಂಡ್ ಸರಣಿಯ ಎರಡನೇ ಆಟದಲ್ಲಿ ಅದನ್ನು ಕೇಳಬಹುದು. ಅದರಲ್ಲಿ ಮುರುಕು ಹಡಗುಗಳನ್ನೇ ಜೋಡಿಸಿ ಕಟ್ಟಿದ ವುಡ್‌ಟಿಕ್ ಅನ್ನುವ ಊರಿದೆ. ಒಂದೊಂದು ಮನೆ ಹೊಕ್ಕಾಗಲೂ ಊರಿನ ಹಾಡೇ ಬೇರೆ ವಾದ್ಯ, ಬೇರೆ ಬಣ್ಣ ತೊಟ್ಟುಕೊಳ್ಳುತ್ತದೆ. ಹೊರಬಂದರೆ ಅಂದವಾಗಿ ಒಂದು ಮುಕ್ತಾಯ ಮಾಡಿ ಮೂಲ ಹಾಡಿಗೆ ಮರಳುತ್ತದೆ. ಇದು ಸಾಧ್ಯವಾದದ್ದು ಆಗಿನ ಸಂಗೀತ ರೆಕಾರ್ಡಿಂಗ್ ಆಗಿರಲಿಲ್ಲವಾದ್ದರಿಂದ. ಅದು ಮಿಡಿ, ಅಂದರೆ ಯಾವ ಸ್ವರ, ಯಾವ ವಾದ್ಯ, ಎಷ್ಟು ಹೊತ್ತು ಅನ್ನುವ ಸೂಚನೆಗಳ ಪಟ್ಟಿ. ಕಂಪ್ಯೂಟರ್ ಅದನ್ನು ಓದಿ ಆ ಕ್ಷಣದಲ್ಲೇ ನುಡಿಸುತ್ತಿತ್ತು. ನಡುವೆ ವಾದ್ಯ ಬದಲಿಸುವುದು, ವೇಗ ಏರಿಸುವುದು ಅದಕ್ಕೆ ಏನೂ ಕಷ್ಟವಲ್ಲ.

ಮುಂದೆ ಸಿಡಿ ಬಂತು. ನಿಜವಾದ ವಾದ್ಯಗಳ ರೆಕಾರ್ಡಿಂಗ್ ಆಟದೊಳಗೆ ಸೇರಿತು. ಸದ್ದು ಎಷ್ಟೋ ಪಾಲು ಚೆಂದವಾಯಿತು, ಬಾಗುವ ಗುಣ ಹೊರಟುಹೋಯಿತು. ಒಮ್ಮೆ ರೆಕಾರ್ಡ್ ಆದ ಪಿಟೀಲಿಗೆ ನಡುವೆ ಕೊಳಲಾಗು ಅಂತ ಹೇಳಲಾಗುವುದಿಲ್ಲವಲ್ಲ. ಕಳೆದುಕೊಂಡ ಆ ಗುಣವನ್ನು ಮರಳಿ ಪಡೆಯಲು ಈ ಕ್ಷೇತ್ರಕ್ಕೆ ವರ್ಷಗಳೇ ಬೇಕಾದವು.

ಮರಳಿ ಪಡೆದದ್ದು ಬಹುಮಟ್ಟಿಗೆ ಎರಡನೇ ದಾರಿಯಿಂದ, ಪದರಗಳನ್ನು ಪೇರಿಸುವುದರಿಂದ. ಒಂದೇ ಹಾಡನ್ನು ಬೇರೆ ಬೇರೆ ಪದರಗಳಾಗಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ತಂತಿ ವಾದ್ಯ ಒಂದು ಪದರ, ತಾಳವಾದ್ಯ ಒಂದು, ಹಿತ್ತಾಳೆ ಒಂದು. ಎಲ್ಲವೂ ಒಟ್ಟಿಗೇ ಓಡುತ್ತಿರುತ್ತವೆ, ಬೇಡದ್ದರ ವಾಲ್ಯೂಮ್ ಸೊನ್ನೆಯಲ್ಲಿರುತ್ತದೆ. ಶತ್ರು ಹತ್ತಿರ ಬಂದಂತೆ ತಾಳವಾದ್ಯದ ವಾಲ್ಯೂಮ್ ಏರುತ್ತದೆ. ಇದರಲ್ಲಿ ಹೊಲಿಗೆಯ ಸಮಸ್ಯೆಯೇ ಇಲ್ಲ, ಯಾಕೆಂದರೆ ಯಾವುದೂ ತುಂಡಾಗುವುದಿಲ್ಲ. ಮೂರು ಪದರಕ್ಕೂ ನಾಲ್ಕು ನಾಲ್ಕು ಬಗೆ ಬರೆದಿಟ್ಟರೆ 64 ಜೋಡಣೆಗಳು ಸಿಗುತ್ತವೆ. ಬರೆದದ್ದು 12, ಕೇಳುವುದು 64.

ಲಾಭ ಕಾಣಿಸಿತಲ್ಲ, ಬೆಲೆಯೂ ಇದೆ. ಯಾವ ಪದರ ಯಾವುದರ ಜೊತೆ ಬಂದರೂ ಅಪಸ್ವರ ಆಗಬಾರದು. ಹಾಗಾಗಿ ಹಾಡು ಆಧಾರ ಸ್ವರ ಬಿಟ್ಟು ಜಾಸ್ತಿ ಅಲೆದಾಡುವ ಹಾಗಿಲ್ಲ. 2010ರ ರೆಡ್ ಡೆಡ್ ರಿಡೆಂಪ್ಷನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಅದರ ತುಣುಕುಗಳನ್ನೆಲ್ಲ ಎ ಮೈನರ್‌ನಲ್ಲಿ, ನಿಮಿಷಕ್ಕೆ 130 ಬಡಿತದಲ್ಲಿ ಕಟ್ಟಿದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಶ್ರುತಿಯೂ ಒಂದೇ, ಲಯವೂ ಒಂದೇ. ಹಾಗಾಗಿ ಕುದುರೆ ಸವಾರಿಯ ಬಾಸ್ ಗಿಟಾರ್ ಮೇಲೆ ಗುಂಡಿನ ಕಾಳಗದ ಡ್ರಮ್ ಯಾವಾಗ ಬಿದ್ದರೂ ಕೂತುಕೊಳ್ಳುತ್ತದೆ. ತಂಬೂರಿ ಶ್ರುತಿ ಕೇಳಿ ಬೆಳೆದ ಕಿವಿಗೆ ಇದರಲ್ಲಿ ಅಚ್ಚರಿ ಇಲ್ಲ. ಆಧಾರ ಷಡ್ಜ ಕದಲದಿದ್ದರೆ ಮೇಲಿನ ಸಂಚಾರ ಎಲ್ಲಿ ಶುರುವಾಗಿ ಎಲ್ಲಿ ನಿಂತರೂ ನಡೆಯುತ್ತದೆ. ಪಾಶ್ಚಾತ್ಯ ಸಂಗೀತಕ್ಕೆ ಇದು ಕಟ್ಟುಪಾಡು, ಏಕೆಂದರೆ ಅಲ್ಲಿನ ನಾಟಕವೆಲ್ಲ ಆಧಾರ ಬದಲಿಸುವುದರಲ್ಲೇ ಇದೆ.

ಹಾಗಾದರೆ ರಾಗ ಸಂಗೀತ ಗೇಮಿಗೆ ಹೇಳಿ ಮಾಡಿಸಿದ್ದು ಅಂತ ಅನ್ನಿಸಬಹುದು. ಅರ್ಧ ನಿಜ. ಶ್ರುತಿ ಸಹಾಯ ಮಾಡುತ್ತದೆ, ಸ್ವರವನ್ನು ಬಳುಕಿಸುವ ಗಮಕ ಕಾಲು ಹಿಡಿದು ಎಳೆಯುತ್ತದೆ. ಕೀಬೋರ್ಡಿನ ಕೀಲಿ ಒತ್ತಿ ನುಡಿಸುವ ವೀಣೆಯ ಸ್ಯಾಂಪಲ್‌ಗೆ, ಅಂದರೆ ಒಂದೊಂದೇ ಸ್ವರ ರೆಕಾರ್ಡ್ ಮಾಡಿಟ್ಟ ಸದ್ದಿಗೆ, ತೋಡಿ ರಾಗದ ಗಾಂಧಾರ ಬರುವುದಿಲ್ಲ. ಕಲಾವಿದರನ್ನು ಕೂರಿಸಿ ರೆಕಾರ್ಡ್ ಮಾಡಲೇಬೇಕು. ಹಾಗೆ ರೆಕಾರ್ಡ್ ಮಾಡಿದ ಸಂಚಾರವನ್ನು ನಡುವೆ ಕತ್ತರಿಸಿದರೆ ಗಮಕವೂ ಅರ್ಧಕ್ಕೆ ತುಂಡಾಗುತ್ತದೆ. ಉಸಿರು ನಿಲ್ಲುವ ಜಾಗ ನೋಡಿ ತುಣುಕು ಮಾಡಬೇಕು. ಇಂಥ ಕೆಲಸ ಬಲ್ಲವರಿಗೆ ಮುಂದೆ ಒಳ್ಳೆಯ ಬೇಡಿಕೆ ಬರುತ್ತದೆ ಅಂತ ನನ್ನ ನಂಬಿಕೆ.

ಪದರದ ಪದ್ಧತಿ ಬಗ್ಗೆ ನನ್ನದೊಂದು ತಕರಾರೂ ಇದೆ. ಎಲ್ಲಿ ಬೇಕಾದರೂ ಹೊಂದಬೇಕು ಅಂತ ಬರೆದ ಸಂಗೀತ ಎಷ್ಟೋ ಸಲ ಎಲ್ಲೂ ನೆನಪಿನಲ್ಲಿ ಉಳಿಯುವುದಿಲ್ಲ. ದೊಡ್ಡ ಬಜೆಟ್ಟಿನ ಆಟಗಳಲ್ಲಿ ತಂತಿ ವಾದ್ಯಗಳು ಗುಂಯ್‌ಗುಡುತ್ತವೆ, ಡ್ರಮ್ ಬರುತ್ತದೆ, ಹೋಗುತ್ತದೆ. ಆಟ ಮುಗಿಸಿ ಎದ್ದ ಮೇಲೆ ಗುನುಗಲು ಒಂದು ಸಾಲು ಸಿಗುವುದಿಲ್ಲ. ಐದು ದನಿಯ ಕಾಲದವರಿಗೆ ಧಾಟಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ, ಅದಕ್ಕೇ ಅವರ ಧಾಟಿ ಉಳಿಯಿತು.

ಈ ತುಣುಕು, ಪದರ, ನಿಯಮಗಳನ್ನೆಲ್ಲ ಆಟದೊಳಗೆ ಕೂರಿಸಲು ಮಿಡಲ್‌ವೇರ್ ಅನ್ನುವ ಸಾಫ್ಟ್‌ವೇರ್ ಇದೆ. ಮಾಂಟ್ರಿಯಲ್‌ನ ಆಡಿಯೊಕೈನೆಟಿಕ್ ಕಂಪನಿಯ ವೈಸ್, ಆಸ್ಟ್ರೇಲಿಯಾದ ಫೈರ್‌ಲೈಟ್ ಕಂಪನಿಯ ಎಫ್‌ಮಾಡ್ ಹೆಚ್ಚು ಬಳಕೆಯಲ್ಲಿವೆ. ಆಟ ಕಳಿಸುವುದು ಬರೀ ಸಂಖ್ಯೆ: ನಾಯಕನ ಜೀವ ಇಷ್ಟು ಉಳಿದಿದೆ, ಶತ್ರು ಇಷ್ಟು ದೂರ ಇದ್ದಾನೆ, ಆಟದೊಳಗೆ ಈಗ ರಾತ್ರಿ. ಸಂಗೀತಗಾರರು ಆ ಸಂಖ್ಯೆಗಳಿಗೆ ನಿಯಮ ಕಟ್ಟುತ್ತಾರೆ. ಜೀವ ಕಾಲುಭಾಗಕ್ಕಿಂತ ಕಡಿಮೆಯಾದರೆ ಹಿತ್ತಾಳೆ ಪದರ ತೆಗೆದು ಒಂಟಿ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಬಿಡು, ಹೀಗೆ. ಕೊನೆಗೆ ಕಂಪನಿಗೆ ಒಪ್ಪಿಸುವುದು ಹಾಡನ್ನಲ್ಲ, ನೂರಾರು ಫೈಲುಗಳ ಒಂದು ಕಟ್ಟು ಮತ್ತು ಅವುಗಳ ನಿಯಮಾವಳಿ.

ಇಷ್ಟೆಲ್ಲ ಹೇಳಿದ ಮೇಲೆ ಸುಮ್ಮನಿರುವುದರ ಬಗ್ಗೆಯೂ ಹೇಳಬೇಕು. 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಮೈನ್‌ಕ್ರಾಫ್ಟ್‌ಗೆ ಸಂಗೀತ ಬರೆದವರು ಸಿ418 ಅನ್ನುವ ಹೆಸರಿನ ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್. ಅದರಲ್ಲಿ ಸಂಗೀತ ಯಾವಾಗಲೂ ಕೇಳುವುದಿಲ್ಲ. ಸುಮಾರು ಹೊತ್ತು ಏನೂ ಇರುವುದಿಲ್ಲ, ಮಣ್ಣು ಅಗೆಯುವ ಸದ್ದಷ್ಟೇ. ಆಮೇಲೆ ಎಲ್ಲಿಂದಲೋ ಒಂದು ಪಿಯಾನೊ ಶುರುವಾಗುತ್ತದೆ. ನೂರಾರು ಗಂಟೆ ಆಡುವ ಆಟಕ್ಕೆ ಒಂದೆರಡು ಗಂಟೆಯ ಸಂಗೀತವನ್ನು ಬೇಸರ ಬಾರದಂತೆ ಬಳಸುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಅಗ್ಗದ, ಜಾಣ ಉಪಾಯ ನನಗೆ ಗೊತ್ತಿಲ್ಲ. 2025ರಲ್ಲಿ ಅದರ ಮೊದಲ ಆಲ್ಬಂ ಕೂಡ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅದೇ ಪಟ್ಟಿ ಸೇರಿತು.

ಲೂಪಿಗೆ ಒಂದು ಮುಗಿತಾಯ ಬೇಕು

ಗೇಮ್ ಸಂಗೀತ ಸಭಾಂಗಣಕ್ಕೆ ಬಂದು ಬಹಳ ವರ್ಷಗಳಾದವು. 1987ರಲ್ಲಿ ಕೊಯಿಚಿ ಸುಗಿಯಾಮ ತಾವು ಡ್ರ್ಯಾಗನ್ ಕ್ವೆಸ್ಟ್ ಆಟಕ್ಕೆ ಬರೆದ ಸಂಗೀತವನ್ನು ಟೋಕಿಯೊದ ಸಂಟೋರಿ ಹಾಲ್‌ನಲ್ಲಿ ನುಡಿಸಿದರು. 2003ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ಗೇಮ್ ಸಂಗೀತದ ಸಿಂಫನಿ ಕಛೇರಿ ನಡೆಯಿತು, ಜಪಾನಿನ ಹೊರಗೆ ಅಂಥದ್ದು ಅದೇ ಮೊದಲು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶಗಳ ಆಟಗಾರರು ನಡೆದು ಬಂದದ್ದು ಗೇಮ್ ಸಂಗೀತಕ್ಕೇ, ಮೊದಲು ಕೇಳಿದ್ದು ಡ್ರ್ಯಾಗನ್ ಕ್ವೆಸ್ಟ್. 2022ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವವೂ ಒಂದು ಇಡೀ ಸಂಜೆಯನ್ನು ಇದಕ್ಕೆ ಬಿಟ್ಟುಕೊಟ್ಟಿತು.

ಆಟದ ಹಾಡನ್ನು ಹಾಗೇ ಎತ್ತಿ ಆರ್ಕೆಸ್ಟ್ರಾಕ್ಕೆ ಕೊಟ್ಟರೆ ಆಗುವುದಿಲ್ಲ. ಲೂಪ್ ಅನ್ನುವುದು ಮುಗಿಯಬಾರದು ಅಂತಲೇ ಬರೆದದ್ದು. ಅದರ ಕೊನೆಯ ಆವರ್ತ ಯಾವುದೋ ಅರ್ಧ ಮಾತಿನಂತೆ ನಿಲ್ಲುತ್ತದೆ, ಉತ್ತರ ಮೊದಲ ಆವರ್ತದಲ್ಲಿರುತ್ತದೆ. ಒಂದೂವರೆ ನಿಮಿಷದ ಇಂಥ ತುಣುಕನ್ನು ವೇದಿಕೆಯಲ್ಲಿ ನಾಲ್ಕು ಸಲ ನುಡಿಸಿದರೆ ಎರಡನೇ ಸಲಕ್ಕೇ ಜನ ಮೊಬೈಲ್ ತೆಗೆಯುತ್ತಾರೆ. ಆಟದಲ್ಲಿ ಕಣ್ಣಿಗೂ ಕೈಗೂ ಕೆಲಸ ಇತ್ತು, ಇಲ್ಲಿ ಕಿವಿಗೆ ಮಾತ್ರ. ಹಾಗಾಗಿ ಪೀಠಿಕೆ ಕಟ್ಟಬೇಕು, ಎದುರಿಗೆ ಇನ್ನೊಂದು ಧಾಟಿ ತಂದು ನಿಲ್ಲಿಸಬೇಕು, ಆಧಾರ ಸ್ವರ ಬದಲಿಸಿ ದೂರ ಕರೆದುಕೊಂಡು ಹೋಗಬೇಕು, ಮರಳಿ ಬಂದಾಗ ಬಂದೆವು ಅನ್ನಿಸಬೇಕು. ಪದರದ ಪದ್ಧತಿ ಕಿತ್ತುಕೊಂಡಿದ್ದನ್ನೆಲ್ಲ ಇಲ್ಲಿ ವಾಪಸ್ ಬಳಸಬಹುದು.

ಆಟದಲ್ಲೂ ಸಂಗೀತಗಾರರ ಗಡಿಯಾರ ನಡೆಯುವ ಒಂದು ಜಾಗ ಇದೆ: ಶುರುವಿನ ಮೆನು ಪರದೆ. ಅಲ್ಲಿ ಏನೂ ನಡೆಯುತ್ತಿರುವುದಿಲ್ಲ. ಇಡೀ ಹಾಡು ಬರೆಯಬಹುದು. ಸಂಗೀತಗಾರ ಕ್ರಿಸ್ಟೊಫರ್ ಟಿನ್ ಆ ಜಾಗವನ್ನು ಪೂರ್ತಿ ಬಳಸಿಕೊಂಡರು. 2005ರ ಸಿವಿಲೈಝೇಷನ್ 4 ಆಟದ ಮೆನುವಿಗೆ ಅವರು ಬರೆದ 'ಬಾಬಾ ಯೇತು' ಸ್ವಾಹಿಲಿ ಭಾಷೆಯಲ್ಲಿರುವ ಕ್ರೈಸ್ತ ಪ್ರಾರ್ಥನೆ. ಗಾಯನವೃಂದ, ತಾಳವಾದ್ಯ, ಆರ್ಕೆಸ್ಟ್ರಾ ಎಲ್ಲ ಇದೆ. ಶುರು, ಏರು, ಮುಗಿತಾಯ ಇರುವ ಹಾಡಾದ್ದರಿಂದ ವೇದಿಕೆಗೆ ಸಲೀಸಾಗಿ ನಡೆದುಹೋಯಿತು, ಲೋಕದ ಎಷ್ಟೋ ಗಾಯನವೃಂದಗಳು ಅದನ್ನು ಹಾಡುತ್ತವೆ. 2009ರಲ್ಲಿ ಟಿನ್ ಅದನ್ನೇ ಮೊದಲ ಹಾಡಾಗಿಸಿ 12 ಭಾಷೆಗಳ ಹಾಡುಗಳ ಒಂದು ಮಾಲೆ ಮಾಡಿದರು. ಅದರಲ್ಲಿ ಭಗವದ್ಗೀತೆಯ ಸಂಸ್ಕೃತವೂ ಇದೆ. 2011ರಲ್ಲಿ 'ಬಾಬಾ ಯೇತು'ಗೆ ಗ್ರ್ಯಾಮಿ ಬಂತು. ಗೇಮಿಗಾಗಿ ಬರೆದ ಸಂಗೀತವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಗೇಮ್ ಸಂಗೀತಕ್ಕೇ ಬೇರೆ ಗ್ರ್ಯಾಮಿ ವಿಭಾಗ ಶುರುವಾದದ್ದು 2023ರಲ್ಲಿ.

ಅದೇ ಸರಣಿಯ ಆರನೇ ಆಟದಲ್ಲಿ (2016) ಜೆಫ್ ನಾರ್ ಮಾಡಿದ ಕೆಲಸ ನನಗೆ ಇನ್ನೂ ಇಷ್ಟ. ಆಟದಲ್ಲಿ ಒಂದು ನಾಡನ್ನು ಪ್ರಾಚೀನ ಕಾಲದಿಂದ ಅಣುಯುಗದವರೆಗೆ ಬೆಳೆಸಬೇಕು. ಪ್ರತಿ ನಾಡಿಗೂ ಒಂದು ಧಾಟಿ, ಅದಕ್ಕೆ ನಾಲ್ಕು ಯುಗದ ನಾಲ್ಕು ರೂಪ. ಇಂಗ್ಲೆಂಡಿಗೆ 'ಸ್ಕಾರ್ಬರೊ ಫೇರ್' ಅನ್ನುವ ಹಳೇ ಜನಪದ ಹಾಡು. ಮೊದಲ ಯುಗದಲ್ಲಿ ಬೆರಳೆಣಿಕೆಯ ವಾದ್ಯಗಳು, ಕೊನೆಯ ಯುಗದಲ್ಲಿ ತುಂಬು ಆರ್ಕೆಸ್ಟ್ರಾ. ಒಂದು ಧಾಟಿಯನ್ನು ಬಗೆಬಗೆಯಾಗಿ ಬೆಳೆಸುವುದು ಸಭಾಂಗಣದ ಸಂಗೀತದ ಬಹಳ ಹಳೇ ಪದ್ಧತಿ. ಇಲ್ಲಿ ಅದು ಗಂಟೆಗಟ್ಟಲೆ ಹಬ್ಬಿಕೊಂಡಿದೆ, ಮುಂದಿನ ರೂಪ ಯಾವಾಗ ಬರಬೇಕು ಅನ್ನುವುದು ಆಡುವವರ ಕೈಯಲ್ಲಿದೆ.

ಕಂಪ್ಯೂಟರಿಗೆ ಉಸಿರು ಕಟ್ಟುವುದಿಲ್ಲ

ಇವತ್ತು ಹೆಚ್ಚಿನವರು ಬರೆಯುವುದು ಕಂಪ್ಯೂಟರಿನಲ್ಲಿ, ಸ್ಯಾಂಪಲ್‌ಗಳ ಜೊತೆ. ಪ್ರತಿ ವಾದ್ಯದ ಪ್ರತಿ ಸ್ವರವನ್ನೂ ರೆಕಾರ್ಡ್ ಮಾಡಿ ಮಾರುತ್ತಾರೆ, ಕೀಲಿ ಒತ್ತಿದರೆ ಅದು ಕೇಳುತ್ತದೆ. ಗೇಮಿಗೆ ಎಷ್ಟೋ ಸಲ ಇಷ್ಟೇ ಸಾಕು. ಹೀಗೆ ಕಲಿತವರು ಮೊದಲ ಸಲ ಜೀವಂತ ವಾದ್ಯವೃಂದಕ್ಕೆ ಬರೆದಾಗ ಪೆಟ್ಟು ತಿನ್ನುತ್ತಾರೆ.

ಸ್ಯಾಂಪಲ್‌ನಲ್ಲಿ ಕೊಳಲಿನ ಕೆಳಗಿನ ಸ್ವರಗಳು ಸೊಗಸಾಗಿ ಕೇಳುತ್ತವೆ, ವಾಲ್ಯೂಮ್ ಏರಿಸಿದರಾಯಿತು. ವೇದಿಕೆಯ ಮೇಲೆ ಪಾಶ್ಚಾತ್ಯ ಕೊಳಲಿನ ಕೆಳಗಿನ ಸ್ಥಾಯಿ ಮೆತ್ತಗೆ. ಹಿಂದೆ ಎರಡು ಟ್ರಂಪೆಟ್ ಊದಿದರೆ ಮುಗಿಯಿತು, ಅದು ಯಾರಿಗೂ ಕೇಳುವುದಿಲ್ಲ. ಸ್ಯಾಂಪಲ್‌ನ ಹಾರ್ನ್ ಎರಡು ನಿಮಿಷ ಒಂದೇ ಸ್ವರ ಹಿಡಿಯುತ್ತದೆ. ಮನುಷ್ಯರಿಗೆ ಉಸಿರು ಬೇಕು, ತುಟಿಗೆ ಬಿಡುವು ಬೇಕು. ಮೇಲಿನ ಸ್ವರಗಳನ್ನೇ ಸತತವಾಗಿ ಊದಿಸಿದರೆ ಹಿತ್ತಾಳೆ ವಾದ್ಯದವರ ತುಟಿ ಸೋತು, ನಿಜವಾಗಿ ಬೇಕಾದ ಕಡೆ ಸ್ವರ ಒಡೆಯುತ್ತದೆ. ಹಾರ್ಪ್‌ಗೆ ಏಳು ಪೆಡಲ್. ಕೋಮಲ, ತೀವ್ರ ಬದಲಿಸುವುದು ಕಾಲಿನಿಂದ. ಕೀಬೋರ್ಡಿನಲ್ಲಿ ಸಲೀಸಾಗಿ ಬರುವ ಓಟ ಅಲ್ಲಿ ಕಾಲಿಗೆ ಸಿಗುವುದೇ ಇಲ್ಲ.

ಬರೆದುಕೊಡುವುದೂ ಒಂದು ಕಸುಬು. ಬಿ ಫ್ಲ್ಯಾಟ್ ಕ್ಲಾರಿನೆಟ್ ನುಡಿಸುವವರು ಕಾಗದದಲ್ಲಿ 'ಸಿ' ನೋಡಿ ಊದಿದರೆ ಕೇಳುವುದು ಅದಕ್ಕಿಂತ ಒಂದು ಪೂರ್ತಿ ಸ್ವರ ಕೆಳಗೆ. ಎಫ್ ಹಾರ್ನ್ ಐದನೇ ಸ್ವರದಷ್ಟು ಕೆಳಗೆ ಕೇಳುತ್ತದೆ. ಅಷ್ಟು ಮೇಲೆತ್ತಿ ಬರೆದುಕೊಡಬೇಕು. ಒಬ್ಬೊಬ್ಬ ವಾದಕರಿಗೂ ಅವರವರ ಹಾಳೆ. ಹಾಳೆ ಮಗುಚುವ ಜಾಗದಲ್ಲಿ ಅವರಿಗೆ ಒಂದಿಷ್ಟು ಬಿಡುವು ಇರಬೇಕು, ಇಲ್ಲದಿದ್ದರೆ ಎರಡು ಕೈಯಲ್ಲೂ ಪಿಟೀಲು ಹಿಡಿದವರು ಏನು ಮಾಡಬೇಕು? ಇವೆಲ್ಲ ಚಿಲ್ಲರೆ ಅನ್ನಿಸಬಹುದು. ಆದರೆ ರಿಹರ್ಸಲ್ ಸಮಯ ನಿಮಿಷಗಳ ಲೆಕ್ಕದಲ್ಲಿರುತ್ತದೆ. ಹಾಳೆಯಲ್ಲಿ ಅನುಮಾನ ಇದ್ದರೆ ಆ ನಿಮಿಷಗಳು ಪ್ರಶ್ನೆಗಳಲ್ಲೇ ಹೋಗುತ್ತವೆ. ಒಂದು ವಾದ್ಯಕ್ಕೆ ಬರೆಯುವ ಮೊದಲು ಅದನ್ನು ನುಡಿಸುವವರ ಪಕ್ಕ ಒಂದು ಗಂಟೆ ಕೂತರೆ ಪುಸ್ತಕ ಓದುವುದಕ್ಕಿಂತ ಜಾಸ್ತಿ ಕಲಿಯಬಹುದು.

ಗೇಮಿಗಾಗಿ ಆರ್ಕೆಸ್ಟ್ರಾ ರೆಕಾರ್ಡ್ ಮಾಡುವಾಗ ಇನ್ನೊಂದು ಪೇಚು. ಎಲ್ಲರೂ ಒಟ್ಟಿಗೆ ನುಡಿಸಿದರೆ ಪದರ ಬಿಡಿಸಲಾಗುವುದಿಲ್ಲ, ಪಿಟೀಲಿನ ಮೈಕಿಗೆ ಟ್ರಂಪೆಟ್ ಸೋರುತ್ತದೆ. ಹಾಗಾಗಿ ತಂತಿ ವಾದ್ಯದವರನ್ನು ಮೊದಲು, ಹಿತ್ತಾಳೆಯವರನ್ನು ಆಮೇಲೆ, ಹೀಗೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತಾರೆ. ಎಲ್ಲರ ಕಿವಿಯಲ್ಲೂ ಟಿಕ್ ಟಿಕ್ ಅನ್ನುವ ಕ್ಲಿಕ್. ಲೆಕ್ಕ ಸರಿಹೋಗುತ್ತದೆ. ಪಕ್ಕದವರ ಉಸಿರು ಕೇಳಿ ಒಟ್ಟಿಗೆ ಏರುವ ಆ ಸೊಗಸು ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ.

ಆಟವೂ ವೇದಿಕೆಯೂ ಒಟ್ಟಿಗೆ

ಸಭಾಂಗಣದವರು ಕಾಲವನ್ನು ಯಾವತ್ತೂ ಬಿಟ್ಟುಕೊಟ್ಟಿಲ್ಲ ಅಂತೇನಿಲ್ಲ. ಪೋಲೆಂಡಿನ ಲುಟೊಸ್ಲಾವ್ಸ್ಕಿ 1961ರ ಹೊತ್ತಿಗೇ ವಾದಕರು ತಮ್ಮ ತಮ್ಮ ಸಾಲನ್ನು ತಮ್ಮದೇ ವೇಗದಲ್ಲಿ ನುಡಿಸುತ್ತಾ, ವಾದ್ಯವೃಂದ ನಡೆಸುವ ಕಂಡಕ್ಟರ್ ಕೈ ತೋರಿಸಿದಾಗ ಮುಂದಕ್ಕೆ ಹೋಗುವ ಹಾಗೆ ಬರೆದರು. ಅಮೆರಿಕದ ಟೆರಿ ರೈಲಿಯ 'ಇನ್ ಸಿ' (1964) ಬರೀ 53 ಸಣ್ಣ ತುಣುಕುಗಳು. ಪ್ರತಿಯೊಬ್ಬರೂ ಒಂದೊಂದನ್ನು ಬೇಕಾದಷ್ಟು ಸಲ ನುಡಿಸಿ ಮುಂದಿನದಕ್ಕೆ ಹೋಗಬಹುದು. ಲೂಪ್, ಪದರ, ತುಣುಕು ಎಲ್ಲ ಅದರಲ್ಲಿದೆ, ಗೇಮ್ ಒಂದಿಲ್ಲ.

ಆ ಕೊರತೆ ತುಂಬಿದ್ದು ಜರ್ನಿ. 2012ರ ಈ ಆಟದಲ್ಲಿ ಮಾತಿಲ್ಲ. ಬಟ್ಟೆ ಸುತ್ತಿಕೊಂಡ ಒಂದು ಆಕೃತಿ ಮರಳುಗಾಡು ದಾಟಿ ಬೆಟ್ಟದ ಕಡೆಗೆ ನಡೆಯುತ್ತದೆ, ಅಷ್ಟೇ. ಆಸ್ಟಿನ್ ವಿಂಟೊರಿಯ ಸಂಗೀತದಲ್ಲಿ ಆ ಆಕೃತಿಯೇ ಚೆಲ್ಲೊ, ಉಳಿದ ವಾದ್ಯಗಳು ಸುತ್ತಲಿನ ಲೋಕ. ಸಿನಿಮಾ, ಟಿವಿ ಸಂಗೀತದ ಜೊತೆ ಸ್ಪರ್ಧಿಸುವ ಗ್ರ್ಯಾಮಿ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಮೊದಲ ಪೂರ್ಣ ಗೇಮ್ ಸಂಗೀತ ಇದು. ಮುಂದೆ ಷಿಕಾಗೋದ ಫಿಫ್ತ್ ಹೌಸ್ ಎನ್ಸೆಂಬಲ್ ಅನ್ನುವ ಚಿಕ್ಕ ವಾದ್ಯವೃಂದ ಇದನ್ನು ವೇದಿಕೆಗೆ ತಂದಿತು. ಪರದೆಯ ಮೇಲೆ ಒಬ್ಬರು ನಿಜವಾಗಿ ಆಡುತ್ತಿರುತ್ತಾರೆ, ವಾದಕರು ಅದನ್ನು ಹಿಂಬಾಲಿಸುತ್ತಾರೆ. ಆಡುವವರು ಮರಳಿನಲ್ಲಿ ಸುಮ್ನೆ ನಿಂತರೆ ವಾದಕರು ಕೈಯಲ್ಲಿರುವ ಸಾಲನ್ನೇ ತಿರುಗಿಸಿ ನುಡಿಸಬೇಕು. ಓಡಿದರೆ ಸೂಚನೆ ಹಿಡಿದು ಮುಂದಕ್ಕೆ ಜಿಗಿಯಬೇಕು. ಮಿಡಲ್‌ವೇರ್ ಮಾಡುವ ಕೆಲಸವನ್ನು ಇಲ್ಲಿ ಕಣ್ಣು, ಕಿವಿ ಇರುವ ಮನುಷ್ಯರು ಮಾಡುತ್ತಾರೆ. ಅವರು ಆವರ್ತ ಮುಗಿಯುವವರೆಗೆ ಕಾಯಬೇಕಿಲ್ಲ. ಸ್ವಲ್ಪ ಎಳೆದು, ಸ್ವಲ್ಪ ಓಡಿಸಿ ಸರಿದೂಗಿಸಬಲ್ಲರು.

ನೀವೂ ಒಂದು ಕೈ ನೋಡಬೇಕೆಂದರೆ

ಖರ್ಚು ಅಷ್ಟೇನಿಲ್ಲ. ಸ್ವರಲಿಪಿ ಬರೆಯಲು ಮ್ಯೂಸ್‌ಸ್ಕೋರ್ ಉಚಿತ. ವೈಸ್, ಎಫ್‌ಮಾಡ್ ಎರಡನ್ನೂ ಕಲಿಯಲು ದುಡ್ಡು ಕೊಡಬೇಕಿಲ್ಲ. ಎರಡು ದಿನದಲ್ಲಿ ಒಂದು ಪುಟ್ಟ ಆಟ ಕಟ್ಟುವ ಗೇಮ್ ಜಾಮ್‌ಗಳು ಆಗಾಗ ನಡೆಯುತ್ತಿರುತ್ತವೆ. ಅಲ್ಲಿ ಕೋಡ್ ಬರೆಯುವವರು ಬೇಕಾದಷ್ಟು ಜನ ಇರುತ್ತಾರೆ, ಸಂಗೀತ ಗೊತ್ತಿರುವವರನ್ನು ಹುಡುಕುತ್ತಿರುತ್ತಾರೆ.

ಮೊದಲ ಲೂಪ್ ಮಾಡಿದಾಗ ಒಂದು ತೊಂದರೆ ಖಂಡಿತ ಬರುತ್ತದೆ. ಕೊನೆಯ ಸ್ವರದ ಗುಂಗು ಇನ್ನೂ ಇರುವಾಗಲೇ ಫೈಲ್ ಮುಗಿಯುತ್ತದೆ, ತಿರುಗಿ ಶುರುವಾದಾಗ ಯಾರೋ ಕತ್ತರಿ ಹಾಕಿದ ಹಾಗೆ ಕೇಳುತ್ತದೆ. ಪರಿಹಾರ ಸುಲಭ. ಅದೇ ಹಾಡನ್ನು ಬಿಡುವಿಲ್ಲದೆ ಎರಡು ಸಲ ನುಡಿಸಿ ರೆಂಡರ್ ಮಾಡಿ (ಅಂದರೆ ಒಂದು ಆಡಿಯೊ ಫೈಲಾಗಿ ಉಳಿಸಿ), ಎರಡನೇ ಸುತ್ತನ್ನು ಮಾತ್ರ ಅಳತೆಗೆ ಕತ್ತರಿಸಿ ಇಟ್ಟುಕೊಳ್ಳಿ. ಮೊದಲ ಸುತ್ತಿನ ಗುಂಗು ಎರಡನೆಯದರ ಶುರುವಿನಲ್ಲಿ ಸೇರಿಕೊಂಡಿರುತ್ತದೆ, ಹೊಲಿಗೆ ಕೇಳುವುದಿಲ್ಲ. ಫೈಲನ್ನು ಎಂಪಿ3 ಮಾಡಬೇಡಿ. ಅದು ಶುರುವಿಗೂ ಕೊನೆಗೂ ಒಂದು ಚೂರು ನಿಶ್ಶಬ್ದ ಸೇರಿಸುತ್ತದೆ, ಲೂಪ್ ಪ್ರತಿ ಸುತ್ತಿನಲ್ಲೂ ಎಡವುತ್ತದೆ. ವೇವ್ (WAV) ಅಥವಾ ಆಗ್ (OGG) ಫೈಲ್ ಸಾಕು.